ರತ್ನಾಗಿರಿಯ ರಾಜ, ರಂಗೂನಿನ ಅಕೌಂಟೆಂಟ್ ಮತ್ತು ನಮ್ಮ ಮನಶ್ಶಾಂತಿ

ಹೋದ ತಿಂಗಳು ಪುಣೆಯಲ್ಲೇ ಇರುವ ಗೆಳೆಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರ ಆಫೀಸಿನಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಅರ್ಧ ಗಂಟೆ ಮೈಂಡ್‌ಫುಲ್‌ನೆಸ್ ಕ್ಲಾಸ್ ಇದೆಯಂತೆ. "ಇದು 2500 ವರ್ಷ ಹಳೆಯ ಬೌದ್ಧ ಪದ್ಧತಿ, ಒತ್ತಡ ಕಡಿಮೆಯಾಗುತ್ತೆ, ಕೆಲಸದಲ್ಲಿ ಫೋಕಸ್ ಹೆಚ್ಚುತ್ತೆ ಅಂತಾರೆ. ಬುದ್ಧ ನಿಜವಾಗ್ಲೂ ಇದನ್ನೇ ಹೇಳಿದ್ದಾ?" ಅಂತ ಅವರ ಪ್ರಶ್ನೆ.

ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸೋ ಪ್ರಶ್ನೆ ಅಲ್ಲ ಇದು. ಬುದ್ಧ ಹೇಳಿದ್ದು 2500 ವರ್ಷದ ಹಿಂದೆ, ಸರಿ. ಆದರೆ ಕೆಲಸಕ್ಕೆ ಹೋಗುವ, ಇಎಂಐ ಕಟ್ಟುವ, ಮನೆ ಮಕ್ಕಳು ಇರುವ ನಮ್ಮಂಥವರು ಹತ್ತು ದಿನ ರಜೆ ಹಾಕಿ ಧ್ಯಾನಕ್ಕೆ ಕೂರಬಹುದು ಅನ್ನುವುದು ಅಷ್ಟು ಹಳೆಯ ರೂಢಿ ಅಲ್ಲ. ದೊಡ್ಡ ಪ್ರಮಾಣದಲ್ಲಿ ಅದು ಶುರುವಾಗಿ ಸುಮಾರು ನೂರು, ನೂರಿಪ್ಪತ್ತು ವರ್ಷ ಆಗಿರಬಹುದು, ಅಷ್ಟೇ. ಅದು ಶುರುವಾದದ್ದು ಬರ್ಮಾದಲ್ಲಿ, ಒಂದು ರಾಜ್ಯ ಬಿದ್ದುಹೋದ ಸಂಕಟದಲ್ಲಿ. ಆ ಕಥೆ ಗೊತ್ತಾದರೆ ಈ ಧ್ಯಾನವನ್ನು ಯಾತಕ್ಕೆ ಅಂತ ಕಟ್ಟಿದರು, ದಾರಿಯಲ್ಲಿ ಏನೇನು ಉದುರಿಹೋಯಿತು ಅನ್ನೋದೂ ಗೊತ್ತಾಗುತ್ತೆ.

ಮುಂಬೈ, ಪುಣೆ ಕಡೆ ಇರೋರು ಒಂದಲ್ಲ ಒಂದು ಲಾಂಗ್ ವೀಕೆಂಡಿನಲ್ಲಿ ರತ್ನಾಗಿರಿಗೆ ಹೋಗಿರ್ತೀರಿ. ಗಣಪತಿಪುಳೆ ನೋಡಿ, ಹಾಪುಸ್ ಮಾವು ತಗೊಂಡು ವಾಪಸ್ ಬರೋದು ವಾಡಿಕೆ. ಊರಲ್ಲಿ 'ಥಿಬಾ ಪ್ಯಾಲೇಸ್' ಅಂತ ಒಂದು ಕೆಂಪು ಕಟ್ಟಡ ಇದೆ. ಬರ್ಮಾದ ಕೊನೆಯ ರಾಜ ಥಿಬಾನನ್ನು ಬ್ರಿಟಿಷರು ತಂದಿಟ್ಟಿದ್ದು ಆ ಊರಲ್ಲಿ. 1885ರ ನವೆಂಬರಿನಲ್ಲಿ ಎರಡೇ ವಾರದ ಯುದ್ಧ. ರಾಜ ರಾಣಿಯನ್ನು ಮಂಡಾಲೆಯ ಅರಮನೆಯಿಂದ ಎತ್ತಿನ ಗಾಡಿಯಲ್ಲಿ ಕೂರಿಸಿ, ಐರಾವತಿ ನದಿಯ ಸ್ಟೀಮರ್ ಹತ್ತಿಸಿ, ಮೊದಲು ಮದ್ರಾಸಿಗೆ, ಮರುವರ್ಷ ರತ್ನಾಗಿರಿಗೆ ಸಾಗಿಸಿದರು. 1886ರ ಜನವರಿ 1ರಂದು ಬರ್ಮಾದ ಉಳಿದ ಭಾಗವೂ ಬ್ರಿಟಿಷ್ ರಾಜ್ಯಕ್ಕೆ ಸೇರಿಹೋಯಿತು. ನೀವು ನೋಡುವ ಅರಮನೆ ಕಟ್ಟಿ ಮುಗಿದದ್ದು 1910ರಲ್ಲಿ. 1916ರಲ್ಲಿ ಥಿಬಾ ಅಲ್ಲೇ ತೀರಿಕೊಂಡ, ಸಮಾಧಿಯೂ ಅಲ್ಲೇ ಇದೆ. ಇತಿಹಾಸದ ಚೇಷ್ಟೆ ನೋಡಿ: ಅದೇ ರತ್ನಾಗಿರಿಯಲ್ಲಿ ಹುಟ್ಟಿದ ತಿಲಕರನ್ನು ಬ್ರಿಟಿಷರು 1908ರಲ್ಲಿ ಮಂಡಾಲೆಯ ಜೈಲಿಗೆ ಹಾಕಿದರು. ನಮಗೆಲ್ಲ ಮಂಡಾಲೆ ಅನ್ನೋ ಹೆಸರು ಗೊತ್ತಿರೋದೇ ಆ ಕಾರಣಕ್ಕೆ.

ರಾಜನನ್ನು ಹಿಡಿದುಕೊಂಡು ಹೋದರೆ ಧ್ಯಾನಕ್ಕೇನು ಸಂಬಂಧ ಅಂತೀರಾ? ಸಂಬಂಧ ಬಹಳ ಇದೆ. ಬರ್ಮಾದವರ ದೃಷ್ಟಿಯಲ್ಲಿ ರಾಜ ಬರೀ ಕಂದಾಯ ಎತ್ತುವವನಲ್ಲ, 'ಸಾಸನ'ದ ಕಾವಲುಗಾರ. ನಮ್ಮ ಕನ್ನಡದಲ್ಲಿ ಶಾಸನ ಅಂದರೆ ಕಲ್ಲಿನ ಬರಹ, ಇಲ್ಲಾ ಕಾನೂನು. ಪಾಲಿಯಲ್ಲಿ ಸಾಸನ ಅಂದರೆ ಬುದ್ಧನ ಬೋಧೆ, ಅದರ ಸುತ್ತ ಬೆಳೆದ ಸಂಘ, ಗ್ರಂಥ, ಆಚರಣೆ ಎಲ್ಲ ಸೇರಿ. ಈ ಸಾಸನ 5000 ವರ್ಷ ಮಾತ್ರ ಉಳಿಯುತ್ತೆ, ದಿನೇ ದಿನೇ ಸವೆಯುತ್ತೆ ಅನ್ನುವುದು ಅವರ ನಂಬಿಕೆ. ಅದು ಸವೆಯದ ಹಾಗೆ ನೋಡಿಕೊಳ್ಳೋದು ರಾಜನ ಕೆಲಸ. ಥಿಬಾನ ತಂದೆ ಮಿಂಡೊನ್ ರಾಜ ಇಡೀ ತಿಪಿಟಕವನ್ನು 729 ಅಮೃತಶಿಲೆಯ ಚಪ್ಪಡಿಗಳ ಮೇಲೆ ಕೆತ್ತಿಸಿ ಮಂಡಾಲೆಯ ಕುಥೊಡೊ ಪಗೋಡದಲ್ಲಿ ನಿಲ್ಲಿಸಿದ್ದ. ಇವತ್ತೂ ಇವೆ. ಒಂದೊಂದು ಚಪ್ಪಡಿಗೂ ಒಂದೊಂದು ಪುಟ್ಟ ಬಿಳಿ ಗುಡಿ. 1871ರಲ್ಲಿ ದೊಡ್ಡ ಭಿಕ್ಷು ಸಭೆ ಕರೆದು ಗ್ರಂಥಗಳನ್ನೆಲ್ಲ ಪಠಣ ಮಾಡಿಸಿದ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬ್ಯಾಕಪ್ ತಗೊಂಡ. ಸರ್ವರ್ ಯಾವಾಗ ಹೋಗುತ್ತೋ ಅನ್ನುವ ಭಯ ಅವನಿಗೆ ಇತ್ತು. ಆ ಭಯ ನಿಜವಾಗೋಕೆ ಹದಿನೈದು ವರ್ಷವೂ ಬೇಕಾಗಲಿಲ್ಲ.

ಕಾವಲುಗಾರನೇ ಇಲ್ಲದ ಮೇಲೆ ಸಾಸನವನ್ನು ಕಾಯೋರು ಯಾರು? ಈ ಪ್ರಶ್ನೆಗೆ ಒಬ್ಬ ಭಿಕ್ಷು ಕೊಟ್ಟ ಉತ್ತರದಿಂದಲೇ ನಮ್ಮ ಗೆಳೆಯರ ಬುಧವಾರದ ಕ್ಲಾಸಿನವರೆಗೆ ದಾರಿ ಬರುತ್ತೆ.

ಅವರ ಹೆಸರು ಲೆಡಿ ಸಯಾಡೊ. ಸಯಾಡೊ ಅಂದರೆ ಹಿರಿಯ ಭಿಕ್ಷು, ಗುರು. ಹುಟ್ಟಿದ್ದು 1846ರಲ್ಲಿ, ಹಳ್ಳಿಯಲ್ಲಿ. ಓದಿದ್ದು ಮಂಡಾಲೆಯಲ್ಲಿ. ರಾಜ್ಯ ಬಿದ್ದ ಕಾಲಕ್ಕೆ ಮೊನ್ಯುವಾ ಊರಿನ ಕಡೆ ಇದ್ದರು, ಆಮೇಲೆ ಊರಾಚೆ ಕಾಡಿನಲ್ಲಿ ವಿಹಾರ ಮಾಡಿಕೊಂಡರು. ಅವರ ಉತ್ತರ ಹೀಗೆ: ಒಬ್ಬ ರಾಜ ಕಾಯುತ್ತಿದ್ದದ್ದನ್ನು ಇನ್ನು ಊರಿನ ಜನರೇ ಕಾಯಬೇಕು. ಕಾಯಬೇಕಾದರೆ ಅವರಿಗೆ ಅದು ಗೊತ್ತಿರಬೇಕು. ಬರೀ ಭಿಕ್ಷುಗಳಿಗೆ ಅನ್ನ ಹಾಕಿ ಪುಣ್ಯ ಕಟ್ಟಿಕೊಂಡರೆ ಸಾಲದು.

ಆವರೆಗೆ ಪರಿಸ್ಥಿತಿ ಹೇಗಿತ್ತು ಅಂದರೆ, ಗೃಹಸ್ಥರ ಪಾಲಿಗೆ ಧರ್ಮ ಎಂದರೆ ದಾನ, ಶೀಲ, ಉಪೋಸಥದ ದಿನ ವ್ರತ. ಧ್ಯಾನ ಭಿಕ್ಷುಗಳ ವಿಷಯ. ಭಿಕ್ಷುಗಳಲ್ಲೂ ಹೆಚ್ಚಿನವರು ಗ್ರಂಥ ಬಾಯಿಪಾಠ ಮಾಡುವುದರಲ್ಲಿ, ವಿನಯ ಪಾಲಿಸುವುದರಲ್ಲಿ ಇದ್ದರೇ ಹೊರತು ಧ್ಯಾನಕ್ಕೆ ಕೂರುವವರು ಕಡಿಮೆ. ಈ ಕಾಲದಲ್ಲಿ ಮುಕ್ತಿ ಎಲ್ಲಿ ಸಾಧ್ಯ, ಮುಂದಿನ ಬುದ್ಧ ಮೈತ್ರೇಯ ಬಂದಾಗ ನೋಡೋಣ ಅನ್ನುವ ಭಾವನೆ ಬಹಳ ಜನರಲ್ಲಿತ್ತು. ಯಾರೂ ಧ್ಯಾನ ಮಾಡುತ್ತಲೇ ಇರಲಿಲ್ಲ ಅಂತ ಹೇಳಿದರೆ ತಪ್ಪಾಗುತ್ತೆ. 18ನೇ ಶತಮಾನದಲ್ಲೇ ಮೆಡಾವಿ ಎಂಬ ಭಿಕ್ಷು ಬರ್ಮೀ ಭಾಷೆಯಲ್ಲಿ ವಿಪಸ್ಸನಾ ಕೈಪಿಡಿಗಳನ್ನು ಬರೆದಿದ್ದರು. ಆದರೆ ಅದು ಜನರ ನಡುವೆ ಹರಡಿರಲಿಲ್ಲ. ಬುದ್ಧನಿಂದ ಇಲ್ಲಿಯವರೆಗೆ ಗುರು ಶಿಷ್ಯ ಪರಂಪರೆಯಲ್ಲಿ ಇದು ಹರಿದುಬಂದಿದೆ ಎಂದು ಸಂಪ್ರದಾಯ ಹೇಳುತ್ತೆ. ಎರಿಕ್ ಬ್ರೌನ್ ಎಂಬ ಇತಿಹಾಸಕಾರ 2013ರಲ್ಲಿ ಲೆಡಿ ಸಯಾಡೊ ಬಗ್ಗೆಯೇ ಒಂದು ಪುಸ್ತಕ ಬರೆದು, ಸಾಮೂಹಿಕ ಧ್ಯಾನ ಎನ್ನುವುದು ವಸಾಹತುಶಾಹಿ ಕಾಲದ ಒತ್ತಡದಲ್ಲಿ ಹುಟ್ಟಿದ್ದು ಎಂದು ತೋರಿಸಿದರು. ನನಗೆ ಬ್ರೌನ್ ಹೇಳೋದೇ ಸರಿ ಅನ್ನಿಸುತ್ತೆ. ಹಾಗಂತ ಧ್ಯಾನದ ಬೆಲೆ ಇದರಿಂದ ಒಂದು ಪೈಸೆಯೂ ಕಡಿಮೆಯಾಗಲ್ಲ.

ಲೆಡಿ ಸಯಾಡೊ ರೈಲು ಹತ್ತಿ, ಸ್ಟೀಮರ್ ಹತ್ತಿ ಇಡೀ ಬರ್ಮಾ ಸುತ್ತಿದರು. ಬ್ರಿಟಿಷರು ತಂದ ರೈಲು, ಬ್ರಿಟಿಷರ ಕಾಲದ ಪ್ರಿಂಟಿಂಗ್ ಪ್ರೆಸ್, ಎರಡನ್ನೂ ಚೆನ್ನಾಗಿ ಬಳಸಿಕೊಂಡರು. ಉಳುವ ಎತ್ತಿನ ಉಪಕಾರ ನೆನೆದು ಗೋಮಾಂಸ ಬಿಡಿ ಅಂತ ಜನರಿಗೆ ಪತ್ರ ಬರೆದರು. ಹೋದಲ್ಲೆಲ್ಲ ಓದುವ ಗುಂಪುಗಳನ್ನು ಕಟ್ಟಿಸಿದರು. ಅಲ್ಲಿ ಏನು ಓದಿಸಿದರು ಅನ್ನೋದು ಮುಖ್ಯ. ಸುಲಭದ ಜಾತಕ ಕಥೆಗಳನ್ನಲ್ಲ, ಅಭಿಧಮ್ಮವನ್ನು. ಅದು ತಿಪಿಟಕದಲ್ಲೇ ಅತಿ ಕಷ್ಟದ ಭಾಗ, ಮನಸ್ಸಿನ ವಿಶ್ಲೇಷಣೆ. ಅದನ್ನು ವ್ಯಾಪಾರಿಗಳು, ರೈತರು, ಹೆಂಗಸರು ಬಾಯಿಪಾಠ ಮಾಡಲಿ ಅಂತ 1903ರ ಸುಮಾರಿಗೆ ಬರ್ಮೀ ಪದ್ಯದಲ್ಲಿ ಬರೆದುಕೊಟ್ಟರು. ನಮ್ಮಲ್ಲಿ ಮಗ್ಗಿ ಹೇಳಿಸಿದ ಹಾಗೆ ಅಂದುಕೊಳ್ಳಿ.

ಹಾಗಾದರೆ ಆ ಅಭಿಧಮ್ಮ ಮನಸ್ಸು ಅಂದರೆ ಏನು ಅನ್ನುತ್ತೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ಇದು ಬಿಟ್ಟರೆ ಉಳಿದಿದ್ದು ಅರ್ಥವಾಗಲ್ಲ.

ನಾವು 'ನನ್ನ ಮನಸ್ಸು' ಅಂತೀವಿ, ಒಳಗೆ ಎಲ್ಲೋ ಒಂದು ಡಬ್ಬಿ ಇದ್ದ ಹಾಗೆ. ಅದರೊಳಗೆ ಸಿಟ್ಟು, ಆಸೆ, ನೆನಪು ಎಲ್ಲ ತುಂಬಿದೆ ಅನ್ನೋ ಹಾಗೆ. ಅಭಿಧಮ್ಮದ ಪ್ರಕಾರ ಡಬ್ಬಿಯೇ ಇಲ್ಲ. ಇರೋದು ಒಂದಾದ ಮೇಲೊಂದು ಹುಟ್ಟಿ ಸಾಯುವ ಅರಿವಿನ ಕ್ಷಣಗಳು ಮಾತ್ರ. ಒಂದೊಂದು ಕ್ಷಣಕ್ಕೂ 'ಚಿತ್ತ' ಅಂತ ಹೆಸರು. ಚಿತ್ತಗಳಲ್ಲಿ 89 ಬಗೆ. ಚಿತ್ತ ಒಂಟಿಯಾಗಿ ಬರೋದಿಲ್ಲ, ಜೊತೆಗೆ 'ಚೇತಸಿಕ'ಗಳು ಬರುತ್ತವೆ. ಒಟ್ಟು 52. ದ್ವೇಷ ಒಂದು ಚೇತಸಿಕ, ಮತ್ಸರ ಒಂದು, ಕರುಣೆ ಒಂದು. ಯಾವ ಚಿತ್ತದ ಜೊತೆ ಯಾವ ಚೇತಸಿಕ ಬರಬಹುದು, ಯಾವುದು ಬರಲಾರದು ಅಂತ ಪಟ್ಟಿ ಮಾಡಿದ್ದಾರೆ. ಮೊದಲ ಸಲ ಅದನ್ನು ನೋಡಿದಾಗ ಯಾರೋ ನಮ್ಮವರೇ ಸ್ಟೇಟ್ ಟೇಬಲ್ ಬರೆದಿಟ್ಟ ಹಾಗಿದೆಯಲ್ಲ ಅನ್ನಿಸಿತು ನನಗೆ. (ಇದನ್ನು ಕ್ವಾಂಟಂ ಫಿಸಿಕ್ಸ್ ಜೊತೆ ಹೋಲಿಸುವ ವಾಟ್ಸಾಪ್ ಫಾರ್ವರ್ಡ್‌ಗಳು ಬರ್ತವೆ. ದಯವಿಟ್ಟು ಅದು ಬೇಡ.)

ಅಟ್ಠಕಥೆಗಳಲ್ಲಿ, ಅಂದರೆ ಹಳೆಯ ಪಾಲಿ ವ್ಯಾಖ್ಯಾನಗಳಲ್ಲಿ, ಇದಕ್ಕೊಂದು ಚೆಂದದ ಹೋಲಿಕೆ ಇದೆ. ಒಬ್ಬ ಮನುಷ್ಯ ಮಾವಿನ ಮರದ ಕೆಳಗೆ ಮುಸುಕು ಹಾಕಿ ಮಲಗಿದ್ದಾನೆ. ಹಣ್ಣೊಂದು ತೊಟ್ಟು ಕಳಚಿ ಕಿವಿಯ ಹತ್ತಿರ ಬೀಳುತ್ತೆ. ಎಚ್ಚರಾಗುತ್ತೆ. ಕಣ್ಣು ಬಿಟ್ಟು ನೋಡುತ್ತಾನೆ. ಕೈ ಚಾಚಿ ಎತ್ತಿಕೊಳ್ಳುತ್ತಾನೆ. ಅಮುಕಿ ನೋಡುತ್ತಾನೆ. ಮೂಸುತ್ತಾನೆ. ಹಣ್ಣಾಗಿದೆ ಅಂತ ಖಾತ್ರಿಯಾದ ಮೇಲೆ ತಿನ್ನುತ್ತಾನೆ. ಬಾಯಲ್ಲಿ ಉಳಿದ ರಸ ನುಂಗಿ ಮತ್ತೆ ಮಲಗುತ್ತಾನೆ. ಕಣ್ಣಿಗೋ ಕಿವಿಗೋ ಏನಾದರೂ ತಾಗಿದಾಗ ಮನಸ್ಸಿನಲ್ಲಿ ನಡೆಯೋದು ಇಷ್ಟೇ, ಆದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ. ಒಟ್ಟು 17 ಚಿತ್ತಕ್ಷಣ. ಅದರಲ್ಲಿ 'ತಿನ್ನುವ' ಭಾಗಕ್ಕೆ 'ಜವನ' ಅಂತ ಹೆಸರು, ಏಳು ಕ್ಷಣ ಅದಕ್ಕೇ ಹೋಗುತ್ತೆ. ಹಣ್ಣು ಬಿದ್ದದ್ದು, ಎಚ್ಚರಾದದ್ದು, ಕಂಡದ್ದು ಇವ್ಯಾವುದೂ ನಾವು ಮಾಡಿದ್ದಲ್ಲ. ಕರ್ಮ ಕಟ್ಟಿಕೊಳ್ಳುವುದು ಜವನದಲ್ಲಿ.

ನಮ್ಮ ಬದುಕಿನ ಉದಾಹರಣೆ ತಗೊಳ್ಳಿ. ರಾತ್ರಿ ಹನ್ನೊಂದಕ್ಕೆ ಮ್ಯಾನೇಜರ್ ಮೆಸೇಜ್ ಬರುತ್ತೆ: "ನಾಳೆ ಬೆಳಿಗ್ಗೆ ಮಾತಾಡಬೇಕು." ಇಷ್ಟೇ. ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗುತ್ತೆ. ಅದು 'ವೇದನಾ'. ಕನ್ನಡದಲ್ಲಿ ವೇದನೆ ಅಂದರೆ ನೋವು ಮಾತ್ರ. ಪಾಲಿಯಲ್ಲಿ ಸುಖವೂ ವೇದನಾ, ದುಃಖವೂ ವೇದನಾ, ಎರಡೂ ಅಲ್ಲದ್ದೂ ವೇದನಾ. ಅಲ್ಲಿಂದ ಮುಂದೆ ಮನಸ್ಸು ಓಡುತ್ತೆ: ಲೇಆಫ್ ಇರಬಹುದು, ಲೋನ್ ಏನು ಮಾಡೋದು, ಹೋದ ವಾರ ನಾನು ಹಾಗೆ ಹೇಳಬಾರದಿತ್ತು, ಅವನು ಮೊದಲಿಂದಲೂ ಹಾಗೇ. ಬುದ್ಧ ಒಂದು ಸುತ್ತದಲ್ಲಿ ಎರಡು ಬಾಣಗಳ ಮಾತು ಹೇಳುತ್ತಾನೆ. ಮೊದಲ ಬಾಣ ಎಲ್ಲರಿಗೂ ತಾಗುತ್ತೆ. ಅದು ತಾಗಿದ ಮೇಲೆ ಗೋಳಾಡಿ ಎದೆ ಬಡಿದುಕೊಳ್ಳುವವನಿಗೆ ಎರಡನೆಯದೂ ತಾಗುತ್ತೆ. ವೇದನಾ ಹುಟ್ಟಿದ ಜಾಗಕ್ಕೂ ಬೇಕು, ಬೇಡ ಅಂತ ಹಿಡಿದುಕೊಳ್ಳುವ ತಣ್ಹಾಕ್ಕೂ, ಅಂದರೆ ತೃಷ್ಣೆಗೂ, ನಡುವೆ ಒಂದು ಸಂದು ಇದೆ, ಆ ಸಂದನ್ನು ಕಾಣಬಹುದು ಅನ್ನುವುದೇ ವಿಪಸ್ಸನಾದ ಭರವಸೆ. ಮನಶ್ಶಾಂತಿ ಅನ್ನೋದು ಅಲ್ಲಿ ಸಿಗುವಂಥದ್ದು. ತಣ್ಣಗೆ ಕಣ್ಣು ಮುಚ್ಚಿ ಸಮುದ್ರದ ಅಲೆ ನೆನೆಸಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇನ್ನೊಂದು ವಿಷಯ, ನಮ್ಮ ಗೆಳೆಯರ ಪ್ರಶ್ನೆಗೆ ನೇರವಾಗಿ ತಾಗುವಂಥದ್ದು. ಆ 52 ಚೇತಸಿಕಗಳಲ್ಲಿ ಏಳು ಪ್ರತಿ ಚಿತ್ತದಲ್ಲೂ ಇರುತ್ತವೆ, ತಪ್ಪಿದ್ದಲ್ಲ. ಅವುಗಳಲ್ಲಿ ಒಂದು 'ಏಕಗ್ಗತಾ', ಅಂದರೆ ಏಕಾಗ್ರತೆ. ಕಳ್ಳ ಬೀಗ ಮುರಿಯುವಾಗಲೂ ಅದು ಇದೆ, ಹಾವು ಕಪ್ಪೆಗೆ ಹೊಂಚು ಹಾಕುವಾಗಲೂ ಇದೆ. ಅದಕ್ಕೆ ಒಳ್ಳೆಯದು ಕೆಟ್ಟದ್ದು ಅಂತ ಇಲ್ಲ. 'ಸತಿ' ಹಾಗಲ್ಲ. (ಕನ್ನಡದ ಸತಿ ಪತಿಯ ಸತಿ ಅಲ್ಲ ಇದು, ಸಂಸ್ಕೃತದ ಸ್ಮೃತಿ ಪಾಲಿಯಲ್ಲಿ ಸತಿ ಆಗಿದೆ.) ಸತಿ ಒಳ್ಳೆಯ ಚಿತ್ತಗಳಲ್ಲಿ ಮಾತ್ರ ಹುಟ್ಟುತ್ತೆ ಅನ್ನುತ್ತೆ ಅಭಿಧಮ್ಮ. ಲೋಭ, ದ್ವೇಷ ಇದ್ದ ಕ್ಷಣದಲ್ಲಿ ಸತಿ ಇರಲಾರದು. ಈ ಸತಿಯನ್ನೇ ರೀಸ್ ಡೇವಿಡ್ಸ್ ಎಂಬ ವಿದ್ವಾಂಸ, ಹಿಂದೆ ಸಿಲೋನಿನಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದವರು, 1881ರಲ್ಲಿ ಇಂಗ್ಲಿಷಿಗೆ 'ಮೈಂಡ್‌ಫುಲ್‌ನೆಸ್' ಅಂತ ಅನುವಾದಿಸಿದರು. ಇವತ್ತು ಆಫೀಸುಗಳಲ್ಲಿ ಆ ಹೆಸರಿನಲ್ಲಿ ಕೊಡುತ್ತಿರುವುದು ಬಹುಪಾಲು ಏಕಗ್ಗತಾ. ಕೆಲಸಕ್ಕೆ ಬರೋದು ಅದೇ, ಒಪ್ಪುತ್ತೀನಿ. ಆದರೆ ಬುದ್ಧನ ಮಾತಿನಲ್ಲಿ ಅದರ ಹೆಸರು ಬೇರೆ.

ಕಥೆಗೆ ವಾಪಸ್ ಬರೋಣ. ಗಾಢ ಸಮಾಧಿ ಸಾಧಿಸಿ ಆಮೇಲೆ ವಿಪಸ್ಸನಾಕ್ಕೆ ಬರುವುದು ಹಳೆಯ ಗ್ರಂಥಗಳಲ್ಲಿ ಕಾಣುವ ಒಂದು ದಾರಿ. ಅದಕ್ಕೆ ಕಾಡು ಬೇಕು, ವರ್ಷಗಳು ಬೇಕು. ಅಷ್ಟು ಗಾಢವಾಗಿ ಹೋಗದಿದ್ದರೂ ಸಾಧ್ಯ, ಗೃಹಸ್ಥರಿಗೂ ಈ ಜನ್ಮದಲ್ಲೇ ಸಾಧ್ಯ ಎಂದು ಲೆಡಿ ಸಯಾಡೊ ಒತ್ತಿ ಹೇಳಿದರು. ಹೇಳಿದ್ದಷ್ಟೇ ಅಲ್ಲ, ಒಬ್ಬ ರೈತನಿಗೆ ಕಲಿಸುವ ಅಧಿಕಾರವನ್ನೂ ಕೊಟ್ಟರು. ರಂಗೂನಿನ ನದಿಯಾಚೆ ಪ್ಯಾವ್ಬ್ವೆಜಿ ಎಂಬ ಹಳ್ಳಿಯ ಸಯಾ ತೆಟ್‌ಜಿ. ಕಾಲರಾ ಬಂದು ಮನೆಯವರನ್ನು ಕಳೆದುಕೊಂಡು, ಶಾಂತಿ ಹುಡುಕಿ ಊರೂರು ಅಲೆದವರು. ಭಿಕ್ಷು ಅಲ್ಲ, ಹೆಂಡತಿ ಇದ್ದ ಸಂಸಾರಿ. ಅಂಥವರು ಗುರುವಿನ ಪೀಠದಲ್ಲಿ ಕೂತದ್ದು ಆ ಕಾಲಕ್ಕೆ ಸಣ್ಣ ವಿಷಯ ಆಗಿರಲಿಲ್ಲ.

ಅವರ ಹಳ್ಳಿಗೆ 1937ರ ಜನವರಿಯಲ್ಲಿ ಒಬ್ಬ ಸರ್ಕಾರಿ ನೌಕರ ಬಂದ. ಅಕೌಂಟೆಂಟ್ ಜನರಲ್ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ ಮೇಲೆ ಬಂದಿದ್ದ ಉ ಬ ಖಿನ್. ಈ ಇಡೀ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ವ್ಯಕ್ತಿ ಇವರೇ. ಯಾಕಂದರೆ ಕೊನೆಯವರೆಗೂ ಇವರು ಆಫೀಸ್ ಬಿಡಲಿಲ್ಲ. 1948ರ ಜನವರಿ 4, ಬರ್ಮಾಕ್ಕೆ ಸ್ವಾತಂತ್ರ್ಯ ಬಂದ ದಿನವೇ, ಸ್ವತಂತ್ರ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದರು. 1950ರಲ್ಲಿ ತಮ್ಮ ಆಫೀಸಿನಲ್ಲೇ ವಿಪಸ್ಸನಾ ಸಂಘ ಕಟ್ಟಿ ಕೈಕೆಳಗಿನವರಿಗೆ ಧ್ಯಾನ ಕಲಿಸಿದರು. 1952ರಲ್ಲಿ ರಂಗೂನಿನಲ್ಲಿ ಪುಟ್ಟ ಗುಡ್ಡದ ಮೇಲೆ ಇಂಟರ್‌ನ್ಯಾಷನಲ್ ಮೆಡಿಟೇಷನ್ ಸೆಂಟರ್ ಶುರು ಮಾಡಿದರು. ನಡುವೆ ಒಂದು ಪಗೋಡ, ಅದರ ಸುತ್ತ ಎಂಟು ಪುಟ್ಟ ಕೋಣೆ. ಸರ್ಕಾರ ಒಂದಕ್ಕಿಂತ ಹೆಚ್ಚು ಇಲಾಖೆಗಳನ್ನು ಒಟ್ಟಿಗೆ ಅವರ ಹೆಗಲಿಗೆ ಹಾಕಿತ್ತು. ನಿವೃತ್ತರಾದದ್ದು 1967ರಲ್ಲಿ.

ಅಂದರೆ ಆಫೀಸಿನಲ್ಲಿ ಧ್ಯಾನ ಅನ್ನೋದು ಯಾವುದೋ ಅಮೆರಿಕನ್ ಕಂಪನಿಯ ಐಡಿಯಾ ಅಲ್ಲ. ರಂಗೂನಿನ ಲೆಕ್ಕಪತ್ರ ಇಲಾಖೆಯಲ್ಲಿ 1950ರಲ್ಲೇ ಇತ್ತು. ವ್ಯತ್ಯಾಸ ಎಲ್ಲಿ ಅಂದರೆ, ಅಲ್ಲಿ ಕೂರುವವರು ಮೊದಲು ಪಂಚಶೀಲ ತೆಗೆದುಕೊಳ್ಳಬೇಕಿತ್ತು. ಕೊಲ್ಲಬಾರದು, ಕದಿಯಬಾರದು, ಸುಳ್ಳು ಹೇಳಬಾರದು ಇತ್ಯಾದಿ. ಲೆಕ್ಕಪತ್ರ ಇಲಾಖೆಯಲ್ಲಿ 'ಕದಿಯಬಾರದು' ಅನ್ನೋದು ಬರೀ ಬಾಯಿಮಾತಿನ ವ್ರತ ಅಲ್ಲ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಲಂಚ ಮುಟ್ಟದ ಅಧಿಕಾರಿ ಎಂದು ಉ ಬ ಖಿನ್ ಹೆಸರಾಗಿದ್ದರು. ಶೀಲದ ಮೇಲೆ ಸಮಾಧಿ, ಸಮಾಧಿಯ ಮೇಲೆ ಪ್ರಜ್ಞೆ ಅನ್ನುವ ಹಳೆಯ ಕ್ರಮವನ್ನು ಅವರು ಫೈಲುಗಳ ನಡುವೆ ಇಟ್ಟುಕೊಂಡೇ ನಡೆಸಿದರು.

1955ರಲ್ಲಿ ಅವರ ಹತ್ತಿರ ಮಂಡಾಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿಯೊಬ್ಬರು ಬಂದರು. 31 ವರ್ಷ, ದೊಡ್ಡ ಉದ್ಯಮ, ಸಮಾಜದಲ್ಲಿ ಹೆಸರು, ಜೊತೆಗೆ ತಡೆಯಲಾಗದ ಮೈಗ್ರೇನ್. ಮಾರ್ಫಿನ್ ಇಂಜೆಕ್ಷನ್ ಇಲ್ಲದೆ ತಲೆನೋವು ನಿಲ್ಲುತ್ತಿರಲಿಲ್ಲ. ವಿದೇಶದ ಡಾಕ್ಟರುಗಳಿಂದಲೂ ಆಗಿರಲಿಲ್ಲ. ಇವರೇ ಸತ್ಯನಾರಾಯಣ ಗೋಯೆಂಕಾ. ತಲೆನೋವು ಹೋಗಲಿ ಅಂತ ಬಂದಿದ್ದೇನೆ ಅಂದಾಗ ಉ ಬ ಖಿನ್ ಒಪ್ಪಲಿಲ್ಲ ಎಂದು ಗೋಯೆಂಕಾ ಅವರೇ ಹಲವು ಸಲ ಹೇಳಿದ್ದಾರೆ. ತಲೆನೋವಿಗಾಗಿ ಬಂದರೆ ಇದರ ಬೆಲೆ ಇಳಿಸಿದ ಹಾಗೆ, ದುಃಖದಿಂದ ಬಿಡುಗಡೆಗಾಗಿ ಬರುವುದಾದರೆ ಬಾ, ತಲೆನೋವು ಹೋದರೆ ಅದು ಜೊತೆಯಲ್ಲಿ ಹೋಗುತ್ತೆ, ಅನ್ನುವುದು ಗುರುವಿನ ಮಾತಿನ ತಾತ್ಪರ್ಯ. ಇದನ್ನು ನೆನಪಿಟ್ಟುಕೊಳ್ಳಿ.

ಹದಿನಾಲ್ಕು ವರ್ಷ ಗೋಯೆಂಕಾ ಅಲ್ಲೇ ಕಲಿತರು. ನಡುವೆ ನೆ ವಿನ್ ಸರ್ಕಾರ ಉದ್ಯಮಗಳನ್ನೆಲ್ಲ ರಾಷ್ಟ್ರೀಕರಣ ಮಾಡಿ ಅವರ ವ್ಯಾಪಾರವೂ ಹೋಯಿತು. ಭಾರತದಲ್ಲಿದ್ದ ತಾಯಿಗೆ ಕಾಯಿಲೆ ಅಂತ 1969ರ ಜೂನಿನಲ್ಲಿ ಬಂದರು. ಜುಲೈನಲ್ಲಿ ಮುಂಬೈನ ಒಂದು ಧರ್ಮಶಾಲೆಯಲ್ಲಿ ಮೊದಲ ಹತ್ತು ದಿನದ ಶಿಬಿರ. ಕೂತವರು 14 ಜನ, ಅದರಲ್ಲಿ ಅವರ ತಂದೆ ತಾಯಿಯೂ ಸೇರಿ. ಭಾರತದಿಂದ ಪಡೆದ ಸಾಲವನ್ನು ಭಾರತಕ್ಕೆ ತೀರಿಸಬೇಕು ಅನ್ನುವುದು ಉ ಬ ಖಿನ್ ಅವರ ಆಸೆ. ಅವರು ಸ್ವತಃ ಬರಲಾಗಲಿಲ್ಲ, 1971ರ ಜನವರಿಯಲ್ಲಿ ತೀರಿಕೊಂಡರು. 1976ರಲ್ಲಿ ಇಗತ್‌ಪುರಿಯಲ್ಲಿ ಧಮ್ಮಗಿರಿ ಶುರುವಾಯಿತು. 1994ರಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕೂತರು. ಈಗ ಹೈದರಾಬಾದ್, ಚೆನ್ನೈ, ಪುಣೆ, ಬೆಂಗಳೂರು ಎಲ್ಲ ಕಡೆ ಕೇಂದ್ರಗಳಿವೆ. ಮುಂಬೈನ ಗೊರಾಯಿಯಲ್ಲಿ ರಂಗೂನಿನ ಶ್ವೇಡಗೋನ್ ಮಾದರಿಯಲ್ಲಿ ಕಟ್ಟಿದ ಚಿನ್ನದ ಬಣ್ಣದ ಪಗೋಡ, ಎಸ್ಸೆಲ್ ವರ್ಲ್ಡ್ ಕಡೆ ದೋಣಿಯಲ್ಲಿ ಹೋದವರು ನೋಡಿಯೇ ಇರ್ತೀರಿ.

ನಾನೂ ಹತ್ತು ದಿನ ಕೂತಿದ್ದೇನೆ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ದಿನಕ್ಕೆ ಸುಮಾರು ಹತ್ತು ಗಂಟೆ ಕೂರೋದು, ಮಾತಿಲ್ಲ, ಫೋನಿಲ್ಲ, ಪುಸ್ತಕವಿಲ್ಲ. ಮೊದಲ ಮೂರು ದಿನ ಬರೀ ಉಸಿರು ನೋಡೋದು. ನಾಲ್ಕನೇ ದಿನದಿಂದ ಮೈಯ ಮೇಲಿನ ಸಂವೇದನೆ, ನೆತ್ತಿಯಿಂದ ಪಾದದವರೆಗೆ. ಮಂಡಿ ನೋವಿನ ವಿಷಯ ಕೇಳಲೇಬೇಡಿ. ನನಗೇನೂ ಬೆಳಕು ಕಾಣಲಿಲ್ಲ. ಆರನೇ ದಿನ ಮಧ್ಯಾಹ್ನ ಕಾಲಿನ ಉರಿ ಒಂದು, 'ಅಯ್ಯೋ ಇದು ಯಾವಾಗ ಮುಗಿಯುತ್ತೆ' ಅನ್ನೋದು ಇನ್ನೊಂದು, ಎರಡೂ ಬೇರೆ ಬೇರೆ ಅಂತ ನಾಲ್ಕೈದು ಸೆಕೆಂಡ್ ಸ್ಪಷ್ಟವಾಗಿ ಕಂಡಿತು. ಆಮೇಲೆ ಮತ್ತೆ ಕಲಸಿಹೋಯಿತು. ಎರಡು ಬಾಣದ ಸುತ್ತವನ್ನು ನಾನು ಆಗಲೇ ಓದಿದ್ದೆ. ಓದಿದ್ದಕ್ಕೂ ಇದಕ್ಕೂ ಬಹಳ ದೂರ ಇತ್ತು.

ಒಂದು ಎಚ್ಚರಿಕೆ ಹೇಳಲೇಬೇಕು. ಡಿಪ್ರೆಷನ್ ಇದ್ದವರು, ಮನೋರೋಗಕ್ಕೆ ಔಷಧಿ ತಗೊಳ್ಳುತ್ತಿರುವವರು ಇದನ್ನು ಚಿಕಿತ್ಸೆ ಅಂದುಕೊಂಡು ಹೋಗಬೇಡಿ, ಮೊದಲು ಡಾಕ್ಟರ ಹತ್ತಿರ ಮಾತಾಡಿ. ಶಿಬಿರದ ಅರ್ಜಿಯಲ್ಲೂ ಇದನ್ನು ಕೇಳುತ್ತಾರೆ. ಅಲ್ಲಿ ಮುಚ್ಚಿಡಬೇಡಿ. ದಿನವಿಡೀ ಒಬ್ಬರೇ ಮನಸ್ಸಿನ ಎದುರು ಕೂರೋದು ಎಲ್ಲರಿಗೂ ಎಲ್ಲ ಕಾಲಕ್ಕೂ ಹಿತವಾಗಿಯೇ ಇರುತ್ತೆ ಅಂತ ಹೇಳಲಾಗಲ್ಲ.

ಇನ್ನು ಅಮೆರಿಕದ ಕಥೆ, ಚಿಕ್ಕದಾಗಿ. 1970ರ ದಶಕದ ಆರಂಭದಲ್ಲಿ ಬೋಧಗಯೆಯಲ್ಲಿ ಗೋಯೆಂಕಾ ಅವರ ಶಿಬಿರಗಳಲ್ಲಿ ಕೂತ ಅಮೆರಿಕದ ಯುವಕ ಯುವತಿಯರು ವಾಪಸ್ ಹೋಗಿ ಕೇಂದ್ರಗಳನ್ನು ಕಟ್ಟಿದರು. ಬರ್ಮಾದ ಇನ್ನೊಬ್ಬ ದೊಡ್ಡ ಗುರು ಮಹಾಸಿ ಸಯಾಡೊ ಅವರ ಪದ್ಧತಿಯೂ ಅಲ್ಲಿಗೆ ಹೋಯಿತು. 1979ರಲ್ಲಿ ಜಾನ್ ಕಬಟ್ ಝಿನ್ ಮ್ಯಾಸಚೂಸೆಟ್ಸಿನ ಆಸ್ಪತ್ರೆಯಲ್ಲಿ, ಔಷಧಿಗೆ ಜಗ್ಗದ ನೋವಿರುವ ರೋಗಿಗಳಿಗಾಗಿ ಒಂದು ಕಾರ್ಯಕ್ರಮ ಮಾಡಿದರು. ಆಸ್ಪತ್ರೆಯಲ್ಲಿ ಯಾರಿಗೂ ಮುಜುಗರ ಆಗಬಾರದು ಅಂತ ಬೌದ್ಧ ಮಾತುಗಳನ್ನು ಬದಿಗಿಟ್ಟರು. 2007ರಲ್ಲಿ ಗೂಗಲ್‌ನಲ್ಲಿ ಚಾಡ್ ಮೆಂಗ್ ಟಾನ್ ಎಂಬ ಇಂಜಿನಿಯರ್ ಅದನ್ನು ಉದ್ಯೋಗಿಗಳ ತರಬೇತಿಯಾಗಿ ಮಾಡಿದರು. ಅಲ್ಲಿಂದ ಆ್ಯಪ್, ಅಲ್ಲಿಂದ ನಮ್ಮ ಗೆಳೆಯರ ಬುಧವಾರ.

ಕಬಟ್ ಝಿನ್ ಮಾಡಿದ್ದನ್ನು ನಾನು ತಪ್ಪು ಅನ್ನಲ್ಲ. ನೋವಿನಲ್ಲಿರುವ ರೋಗಿಗೆ ಎರಡನೇ ಬಾಣ ತಪ್ಪಿಸಿದರೆ ಅದು ಬುದ್ಧನಿಗೆ ಹತ್ತಿರದ ಕೆಲಸವೇ. ನನ್ನ ತಕರಾರು ಇರೋದು ಅದರ ಮುಂದಿನ ಹೆಜ್ಜೆಯಲ್ಲಿ. ಉ ಬ ಖಿನ್ ಆಫೀಸಿನಲ್ಲಿ ಧ್ಯಾನ ನೌಕರನಿಗೆ 'ನೀನು ಕದಿಯಬೇಡ' ಅನ್ನುತ್ತಿತ್ತು, ಸಾಹೇಬರಿಗೂ ಅದನ್ನೇ ಅನ್ನುತ್ತಿತ್ತು. ಈಗಿನ ಕ್ಲಾಸಿನಲ್ಲಿ ಶೀಲ ಇಲ್ಲ, 'ನಾನು' ಅನ್ನುವುದು ಗಟ್ಟಿ ವಸ್ತು ಅಲ್ಲ ಅನ್ನುವ ಅನತ್ತಾ ಇಲ್ಲ. ಉಳಿದದ್ದು ಉಸಿರು ಮಾತ್ರ. ಹದಿನಾಲ್ಕು ಗಂಟೆ ಕೆಲಸ ಕೊಟ್ಟು, ಅದರಿಂದ ಬಂದ ತಲೆನೋವಿಗೆ ಅರ್ಧ ಗಂಟೆ ಧ್ಯಾನ ಕೊಟ್ಟರೆ, ಅದು ಗೋಯೆಂಕಾ ಅವರನ್ನು ಉ ಬ ಖಿನ್ ಯಾವ ಕಾರಣಕ್ಕೆ ತಡೆದರೋ ಅದೇ. ತಲೆನೋವು ಹೋಗಬಹುದು, ಹೋಗಲಿ. ಆದರೆ ಅದಕ್ಕೆ 2500 ವರ್ಷದ ಹೆಸರು ಬೇಕಾಗಿಲ್ಲ.

ಇಲ್ಲಿ ನೀವು ಇನ್ನೂ ಗಟ್ಟಿಯಾದ ಪ್ರಶ್ನೆ ಕೇಳಬಹುದು. ದುಃಖ ಎಲ್ಲ ನನ್ನ ಮನಸ್ಸಿನ ಜವನದಲ್ಲೇ ಇದೆಯಾ? ಹೊರಗಿಂದ ಬಾಣ ಬಿಡುತ್ತಿರುವವನ ಕಥೆ ಏನು? ಉ ಬ ಖಿನ್ ಕೇಂದ್ರ ಶುರುವಾಗಿ ಎರಡು ವರ್ಷಕ್ಕೆ, 1954ರ ಡಿಸೆಂಬರಿನಲ್ಲಿ, ಅದೇ ರಂಗೂನಿಗೆ ಬೌದ್ಧರ ವಿಶ್ವ ಸಮ್ಮೇಳನಕ್ಕೆ ಅಂಬೇಡ್ಕರ್ ಬಂದಿದ್ದರು. ಆರೋಗ್ಯ ಆಗಲೇ ಕೆಟ್ಟಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಅವರು ತೀರಿಕೊಂಡ ಮರುವರ್ಷ ಪ್ರಕಟವಾದ 'ದ ಬುದ್ಧ ಆ್ಯಂಡ್ ಹಿಸ್ ಧಮ್ಮ'ದ ಮುನ್ನುಡಿಯಲ್ಲೇ, ನಾಲ್ಕು ಆರ್ಯ ಸತ್ಯಗಳು ಬುದ್ಧನ ಮೂಲ ಬೋಧೆಯೇ ಹೌದಾ ಅಂತ ಅವರು ಪ್ರಶ್ನೆ ಎತ್ತುತ್ತಾರೆ. ದುಃಖವನ್ನು ಮನಸ್ಸಿನೊಳಗೆ ಮಾತ್ರ ಹುಡುಕುವ ಬೌದ್ಧ ಧರ್ಮ ಅವರಿಗೆ ಬೇಕಿರಲಿಲ್ಲ. ಒಂದೇ ಮಹಾರಾಷ್ಟ್ರದಲ್ಲಿ ಇಗತ್‌ಪುರಿಯ ಬುದ್ಧನೂ ಇದ್ದಾನೆ, ನಾಗಪುರದ ಬುದ್ಧನೂ ಇದ್ದಾನೆ. ದೀಕ್ಷಾಭೂಮಿಗೆ ಹೋಗುವವರಲ್ಲಿ ಧಮ್ಮಗಿರಿಯಲ್ಲಿ ಕೂತವರೂ ಇದ್ದಾರೆ, ಅದು ದಲಿತರ ಹೋರಾಟವನ್ನು ತಣ್ಣಗೆ ಮಾಡುತ್ತೆ ಅಂತ ದೂರ ಉಳಿದವರೂ ಇದ್ದಾರೆ. ಈ ಜಗಳವನ್ನು ಎರಡು ನಿಮಿಷದಲ್ಲಿ ಹೇಳೋಕಾಗಲ್ಲ. ಮುಂದಿನ ಮಾತು ಪೂರ್ತಿ ಅಂಬೇಡ್ಕರ್ ಅವರ ಆ ಪುಸ್ತಕದ ಮೇಲೇ ಇಟ್ಟುಕೊಂಡಿದ್ದೇನೆ. ಕೈಯಲ್ಲಿ ಪ್ರತಿ ಇದ್ದರೆ ಮುನ್ನುಡಿ ಒಂದನ್ನು ಓದಿಕೊಂಡು ಬನ್ನಿ, ನಾಲ್ಕೈದು ಪುಟ ಅಷ್ಟೇ.